ಓರೆಯಾದ ಗಾಲಿ, ನೇರವಾದ ದಾರಿ



ಇತಿಹಾಸ ಹೇಳುವ ಮಾಸ್ತರನಿಗೆ ಮೋಟಾರು ಗಾಡಿಯ ಗಾಲಿಯ ಉಸಾಬರಿ ಏಕೆ ಎಂದು ನಿಮಗೆ ಅನ್ನಿಸಬಹುದು. ಕಳೆದ ಮಳೆಗಾಲದವರೆಗೆ ನನಗೂ ಹಾಗೆಯೇ ಅನ್ನಿಸುತ್ತಿತ್ತು. ಮೂರು ದಶಕಗಳಿಗೂ ಮಿಕ್ಕಿ ತರಗತಿಯಲ್ಲಿ ನಿಂತು ರಟ್ಟರು, ಕದಂಬರು, ಬಹಮನಿಗಳು, ಪೇಶ್ವೆಗಳು ಎಂದು ಕಲಿಸಿದವನು ನಾನು. ಗಾಲಿಯ ವಿಷಯವಾಗಿ ನಾನು ಹೇಳಿದ್ದು ಒಂದೇ ವಾಕ್ಯ: "ಚಕ್ರದ ಶೋಧನೆ ಮಾನವನ ಮಹತ್ವದ ಸಾಧನೆ." ನೀವು ಅದನ್ನು ಪರೀಕ್ಷೆಯಲ್ಲಿ ಹಾಗೆಯೇ ಬರೆದಿರಿ, ನಾನು ಹಾಗೆಯೇ ಗುಣ ಕೊಟ್ಟೆ. ಚಕ್ರ ಹುಟ್ಟಿದ ಮೇಲೆ ಅದನ್ನು ಹೇಳಿದ ಕಡೆಗೆ ಹೋಗುವಂತೆ ಮಾಡಲು ಮನುಷ್ಯ ಎಷ್ಟು ಕಾಲ ತಿಣುಕಿದ ಎಂಬುದನ್ನು ನಾನು ಹೇಳಲೂ ಇಲ್ಲ, ನೀವು ಕೇಳಲೂ ಇಲ್ಲ. ಆ ಬಾಕಿಯನ್ನು ಇಂದು ತೀರಿಸುತ್ತಿದ್ದೇನೆ.

ಪ್ರಸಂಗ ಹೀಗೆ ಒದಗಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪರ ಊರಿನಲ್ಲಿ ನೌಕರಿ ಮಾಡಿ ಬೆಳಗಾವಿಗೆ ಮರಳಿದ್ದಾನೆ. ಅವನ ತಂದೆಯವರು ನನಗಿಂತ ಹಿರಿಯರು. ಮೊಣಕಾಲು ಸೋತಿವೆ. ರೈಲಿನ ಮೆಟ್ಟಿಲು ಹತ್ತಲಾರರು, ಬಸ್ಸಿನಲ್ಲಿ ಬಹಳ ಹೊತ್ತು ಕೂಡಲಾರರು. ಆದರೆ ಮಲಪ್ರಭೆ ಹುಟ್ಟುವ ಕಣಕುಂಬಿಯಿಂದ ಆಕೆ ಕೃಷ್ಣೆಯನ್ನು ಸೇರುವ ಕೂಡಲಸಂಗಮದವರೆಗೆ ಒಮ್ಮೆ ನೋಡಬೇಕೆಂಬುದು ಅವರ ಬಹುಕಾಲದ ಆಸೆ. ಅದಕ್ಕಾಗಿ ಈ ಹುಡುಗ (ಐವತ್ತರ ಹತ್ತಿರ ಬಂದಿದ್ದರೂ ನನಗೆ ಹುಡುಗನೇ) ಒಂದು ಹಳೆಯ ವ್ಯಾನನ್ನು ಕೊಂಡು, ಅದರೊಳಗೆ ಮಂಚ, ಒಲೆ, ನೀರಿನ ಟಾಕಿ, ಶೌಚಗೃಹ ಎಲ್ಲವನ್ನೂ ಕೂಡಿಸಿ ಚಲಿಸುವ ಮನೆಯೊಂದನ್ನು ಮಾಡಿಸಿದ. ಮೋಟಾರ್‌ಹೋಮ್ ಎಂದು ಈಗ ಕರೆಯುತ್ತಾರೆ. ಮೊದಲ ಸಣ್ಣ ಸವಾರಿಗೆ ನನ್ನನ್ನೂ ನಮ್ಮ ಮನೆಯವರನ್ನೂ ಕರೆದ. ಕೋಟೆಯ ಕಂದಕದ ಬಳಿಯಿಂದ ಹೊರಟು ಖಾನಾಪುರಕ್ಕೆ ಹೋಗಿ ಬರುವುದೆಂದು ನಿಶ್ಚಯವಾಯಿತು. ಸುಮಾರು 26 ಕಿಲೋಮೀಟರ್ ದಾರಿ.

ಉದ್ಯಮಬಾಗ ದಾಟಿ, ಮಚ್ಛೆ ದಾಟಿ, ಗಾಡಿ ವೇಗ ಹಿಡಿಯುತ್ತಿದ್ದಂತೆ ಏನೋ ಸರಿಯಿಲ್ಲ ಎಂಬುದು ನನ್ನಂಥವನಿಗೂ ತಿಳಿಯಿತು. ಗಾಡಿ ರಸ್ತೆಯ ಮೇಲೆ ತೇಲುತ್ತಿತ್ತು. ಒಮ್ಮೆ ಎಡಕ್ಕೆ ಸರಿಯುವುದು, ಹುಡುಗ ಚಕ್ರ ತಿರುವಿ ಸರಿಪಡಿಸಿದರೆ ಬಲಕ್ಕೆ ಹೆಚ್ಚಾಗಿ ಸರಿಯುವುದು. ಪ್ರಭುನಗರದ ಆಚೆ ದೊಡ್ಡ ಲಾರಿಯೊಂದು ನಮ್ಮನ್ನು ಹಿಂದೆ ಹಾಕಿ ಹೋಯಿತು. ಅದರ ಗಾಳಿಗೆ ನಮ್ಮ ಮನೆ ಒಮ್ಮೆಲೇ ಎಡಕ್ಕೆ ಜೋಲಿ ಹೊಡೆಯಿತು. ರಸ್ತೆಯಂಚಿನಲ್ಲಿ ಶಾಲೆಯ ಮಕ್ಕಳಿಬ್ಬರು ಸೈಕಲ್ ತುಳಿಯುತ್ತ ಹೊರಟಿದ್ದರು. ನಡುವೆ ಎಷ್ಟು ಅಂತರ ಉಳಿದಿತ್ತೆಂದು ಹೇಳಲಾರೆ. ನಾನು ಕಣ್ಣು ಮುಚ್ಚಿದ್ದೆ. ಗಾಡಿ ನಿಲ್ಲಿಸಿದಾಗ ಹುಡುಗನ ಕೈ ನಡುಗುತ್ತಿದ್ದವು. "ಸರ, ಅಲೈನ್‌ಮೆಂಟ್ ಮಾಡಿಸೇನ್ರಿ, ಮೊನ್ನೆ ಮೊನ್ನೇನ ಮಾಡಿಸೇನ್ರಿ," ಎಂದು ಎರಡು ಸಲ ಹೇಳಿದ. ಹಿಂದೆ ಕುಳಿತಿದ್ದ ಅವನ ತಂದೆಯವರು ಮಾತಾಡಲಿಲ್ಲ. ಖಾನಾಪುರದ ಆಸೆ ಬಿಟ್ಟು ಮೆಲ್ಲಗೆ ಹಿಂದಿರುಗಿದೆವು. ದಾರಿಯಲ್ಲಿ ಹಿರಿಯರು ಒಂದೇ ಮಾತು ಅಂದರು: "ಮಾರಿಬಿಡಪಾ. ನನ್ನ ಸಲುವಾಗಿ ಯಾರದರೆ ಮಕ್ಕಳಿಗೆ ಏನರ ಆದ್ರ ಹೆಂಗ?"

ಮಾರುವ ಮೊದಲು ಕಾರಣ ಹುಡುಕೋಣ ಎಂದೆ ನಾನು. ಕಾರಣ ಹುಡುಕಲು ಹೋದವನಿಗೆ ಒಂದು ಇತಿಹಾಸವೇ ಸಿಕ್ಕಿತು.

ಮೊದಲು ನಮ್ಮ ಎತ್ತಿನ ಬಂಡಿಯಿಂದ ಆರಂಭಿಸೋಣ. ಖಾನಾಪುರ ತಾಲೂಕಿನ ನಮ್ಮ ಅಜ್ಜನ ಊರಿನಲ್ಲಿ, 1960ರ ದಶಕದ ಕೊನೆಯಲ್ಲಿ, ಬಡಿಗೇರರು ಗಾಲಿ ಮಾಡುವುದನ್ನು ನಾನು ಗಂಟೆಗಟ್ಟಲೆ ನೋಡುತ್ತಿದ್ದೆ. ನಡುವಿನ ಗುಂಬ, ಅದರಿಂದ ಹೊರಟ ಅರಗಳು, ಸುತ್ತಲಿನ ಕಟ್ಟಿಗೆಯ ವೃತ್ತ. ಕಂಬಾರರು ಕಬ್ಬಿಣದ ಬಳೆಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಇಕ್ಕಳಗಳಿಂದ ಎತ್ತಿ ಗಾಲಿಯ ಮೇಲೆ ಕೂರಿಸಿ ನೀರು ಹೊಯ್ಯುತ್ತಿದ್ದರು. ಭುಸ್ ಎಂದು ಹಬೆ ಏಳುವುದು. ಕಬ್ಬಿಣ ಆರುತ್ತ ಕುಗ್ಗಿ ಇಡೀ ಗಾಲಿಯನ್ನು ಬಿಗಿಯುವುದು. ಹಾಗೆ ಸಿದ್ಧವಾದ ಗಾಲಿಯನ್ನು ನೆಲದ ಮೇಲೆ ಮಲಗಿಸಿದರೆ ಅದು ಚಪ್ಪಟೆಯಾಗಿರುತ್ತಿರಲಿಲ್ಲ. ಬಹಳ ಆಳವಿಲ್ಲದ ತಟ್ಟೆಯಂತೆ ತುಸು ತಗ್ಗಾಗಿರುತ್ತಿತ್ತು. "ಗಾಲಿ ಡೊಂಕಾಗೇದಲ್ಲ ಅಜ್ಜಾ?" ಎಂದು ನಾನು ಕೇಳಿದ್ದೆ. "ಡೊಂಕಿಲ್ಲದ ಗಾಲಿ ನಿಲ್ಲೂದಿಲ್ಲೋ ಹುಡುಗಾ," ಎಂದಿದ್ದರು ಬಡಿಗೇರ ಅಜ್ಜ. ಅದರ ಅರ್ಥ ನನಗೆ ಆಗ ತಿಳಿಯಲಿಲ್ಲ. ಎತ್ತುಗಳು ಹೆಜ್ಜೆ ಹಾಕುವಾಗ ಬಂಡಿ ಎಡಬಲಕ್ಕೆ ತೂಗುತ್ತದೆ. ಆ ಅಡ್ಡ ಒತ್ತಡಕ್ಕೆ ಚಪ್ಪಟೆ ಗಾಲಿಯ ಅರಗಳು ಸಡಿಲಾಗುತ್ತವೆ. ತಟ್ಟೆಯಾಕಾರದ ಗಾಲಿ ಅದನ್ನು ಕಮಾನಿನಂತೆ ತಡೆಯುತ್ತದೆ. ಇಂಗ್ಲೆಂಡಿನ ಗಾಲಿ ಬಡಿಗರೂ ಇದೇ ಉಪಾಯವನ್ನು ಬಳಸುತ್ತಿದ್ದರು.

ಎರಡು ಗಾಲಿಯ ಬಂಡಿಗೆ ತಿರುವಿನ ತೊಡಕು ಇಲ್ಲ. ಎರಡೂ ಗಾಲಿ ತಮ್ಮ ಪಾಡಿಗೆ ಬೇರೆ ಬೇರೆ ಉರುಳುತ್ತವೆ, ಎತ್ತುಗಳು ನೊಗವನ್ನು ತಿರುವಿದರೆ ಬಂಡಿ ತಿರುಗಿತು. ನಾಲ್ಕು ಗಾಲಿ ಬಂದೊಡನೆಯೇ ಸಂಕಟ ಆರಂಭವಾಗುತ್ತದೆ. ನಮ್ಮ ಜಾತ್ರೆಯ ತೇರನ್ನು ನೆನಪಿಸಿಕೊಳ್ಳಿರಿ. ಅದರ ಗಾಲಿಗಳು ತಿರುಗಿಕೊಳ್ಳುವುದಿಲ್ಲ. ಸಾವಿರ ಜನ ಹಗ್ಗ ಎಳೆದರೂ ತೇರು ತನ್ನ ಮೂಗಿನ ನೇರಕ್ಕೇ ಹೋಗುತ್ತದೆ. ಅದನ್ನು ತಿರುಗಿಸುವವರು ಹಗ್ಗ ಹಿಡಿದವರಲ್ಲ, ಗಾಲಿಯ ಪಕ್ಕದಲ್ಲಿ ಮರದ ಬೆಣೆ ಹಿಡಿದು ಪ್ರಾಣವನ್ನು ಕೈಯಲ್ಲಿಟ್ಟುಕೊಂಡು ಓಡುವ ನಾಲ್ಕಾರು ಜನ. ಒಂದು ಗಾಲಿಗೆ ಬೆಣೆ ಕೊಟ್ಟು ಅದನ್ನು ತಡೆದರೆ, ಇನ್ನೊಂದು ಬದಿ ಮುಂದೆ ಸರಿದು ತೇರು ಹೊರಳುತ್ತದೆ. ಈ ಬೆಣೆಯನ್ನು ಮರೆಯಬೇಡಿರಿ, ಮುಂದೆ ಮತ್ತೆ ಬರಲಿದೆ.

ಇನ್ನು ಕೋಟೆಗೆ ಬರೋಣ. ನಮ್ಮ ಬೆಳಗಾವಿಯ ಕೋಟೆಯನ್ನು 1204ರಲ್ಲಿ ರಟ್ಟರ ಅಧಿಕಾರಿ ಬೀಚಿರಾಜ ಕಟ್ಟಿಸಿದನೆಂದು ನಿಮಗೆ ಕಲಿಸಿದ್ದೇನೆ. ಒಳಗಿನ ಕಮಲ ಬಸದಿಯ ಕಾಲವೂ ಅದೇ. ಆರು ಶತಮಾನಗಳ ನಂತರ, 1818ರಲ್ಲಿ, ಪೇಶ್ವೆಯ ಆಳ್ವಿಕೆಯ ಕೊನೆಯ ದಿನಗಳಲ್ಲಿ, ಥಾಮಸ್ ಮನ್ರೋ ಈ ಕೋಟೆಗೆ ಮುತ್ತಿಗೆ ಹಾಕಿದ. ಸುಮಾರು ಮೂರು ವಾರಗಳ ಕಾದಾಟದ ಬಳಿಕ ಏಪ್ರಿಲ್‌ನಲ್ಲಿ ಕೋಟೆ ಅವನ ವಶವಾಯಿತು. ಪಾಠದಲ್ಲಿ ನಾವು ಇಲ್ಲಿಗೆ ಪೂರ್ಣವಿರಾಮ ಹಾಕುತ್ತಿದ್ದೆವು. ಆದರೆ ಕೋಟೆಯ ಗೋಡೆಯನ್ನು ಬಗ್ಗಿಸುವ ಫಿರಂಗಿಗಳು ಇಲ್ಲಿಯವರೆಗೆ ಬಂದದ್ದು ಹೇಗೆ? ಕಂಪನಿಯ ಸೈನ್ಯದ ಭಾರೀ ಫಿರಂಗಿಗಳನ್ನು ಎಳೆಯುತ್ತಿದ್ದುದು ಎತ್ತುಗಳು. ನಮ್ಮ ಮೈಸೂರು ಸೀಮೆಯ ಅಮೃತಮಹಲ್ ತಳಿಗೆ ಆ ಕೆಲಸದಿಂದಲೇ ಕೀರ್ತಿ ಬಂದಿತ್ತು. ಫಿರಂಗಿಯ ಎರಡು ಗಾಲಿ, ಮುಂದೆ ಇನ್ನೊಂದು ಎರಡು ಗಾಲಿಯ ಬಂಡಿ, ನಡುವೆ ಒಂದು ಕೊಂಡಿ. ನಾಲ್ಕು ಗಾಲಿಯ ಗಾಡಿಯನ್ನು ತಿರುಗಿಸಲು ಜಗತ್ತಿಗೆ ಅಂದು ಗೊತ್ತಿದ್ದ ಮುಖ್ಯ ಉಪಾಯ ಅದೇ: ಮುಂದಿನ ಅಚ್ಚಿಗೆ ಅಚ್ಚನ್ನೇ ನಡುವಿನ ಒಂದು ಮೊಳೆಯ ಮೇಲೆ ತಿರುಗಿಸುವುದು. ಶ್ರೀಮಂತರ ಕುದುರೆ ಸಾರೋಟುಗಳಲ್ಲಿಯೂ ಹಾಗೆಯೇ. ಅದರಲ್ಲಿ ಒಂದು ದೊಡ್ಡ ದೋಷವಿತ್ತು. ತಿರುವಿನಲ್ಲಿ ಒಳಗಿನ ಗಾಲಿ ಗಾಡಿಯ ಹೊಟ್ಟೆಯ ಕೆಳಗೆ ಸರಿಯುತ್ತಿತ್ತು, ಆ ಮೂಲೆಗೆ ಆಧಾರ ತಪ್ಪಿ ಗಾಡಿ ಮಗುಚುತ್ತಿತ್ತು.

ಈಗ ಕೌತುಕ ಕೇಳಿರಿ. ಬೆಳಗಾವಿಯ ಕೋಟೆ ಬಿದ್ದ ಅದೇ 1818ರಲ್ಲಿ, ಲಂಡನ್ನಿನಲ್ಲಿ ರುಡಾಲ್ಫ್ ಆಕರ್ಮನ್ ಎಂಬಾತ ಈ ದೋಷಕ್ಕೆ ಪರಿಹಾರವೊಂದರ ಪೇಟೆಂಟ್ ಪಡೆದ. ಇಡೀ ಅಚ್ಚನ್ನು ತಿರುಗಿಸುವ ಬದಲು ಅಚ್ಚನ್ನು ಸ್ಥಿರವಾಗಿಟ್ಟು, ಎರಡು ತುದಿಗಳಲ್ಲಿ ಪ್ರತಿ ಗಾಲಿಗೂ ಅದರದೇ ಆದ ಗೂಟ ಕೊಟ್ಟು, ಗಾಲಿಗಳನ್ನು ಮಾತ್ರ ತಿರುಗಿಸುವುದು. ಇಂದು ನಮ್ಮ ಮನೆಯ ಮುಂದಿನ ಪ್ರತಿ ಕಾರಿನಲ್ಲಿಯೂ ಇರುವುದು ಈ ಏರ್ಪಾಡೇ, ಅದಕ್ಕೆ ಆಕರ್ಮನ್ ಹೆಸರೇ ಅಂಟಿದೆ. ಆದರೆ ಇದು ಆಕರ್ಮನ್ನನ ಶೋಧನೆಯಲ್ಲ! ಮ್ಯೂನಿಕ್ ನಗರದ ಸಾರೋಟು ತಯಾರಕ ಜಾರ್ಜ್ ಲಾಂಕೆನ್‌ಸ್ಪೆರ್ಗರ್ ಎಂಬವನು ಅದನ್ನು ಮಾಡಿದವನು. ಆಕರ್ಮನ್ ಇಂಗ್ಲೆಂಡಿನಲ್ಲಿ ಅವನ ಪ್ರತಿನಿಧಿ. ಮೂಲತಃ ಜರ್ಮನಿಯ ಸ್ಯಾಕ್ಸನಿಯವನಾದ ಆಕರ್ಮನ್ ಚಿತ್ರಗಳ ಪ್ರಕಾಶಕನೆಂದು ಪ್ರಸಿದ್ಧ. ತರುಣನಾಗಿದ್ದಾಗ ಸಾರೋಟಿನ ನಕ್ಷೆ ತೆಗೆಯುತ್ತಿದ್ದ, ನೌಕಾಪತಿ ನೆಲ್ಸನ್ನನ ಶವವಾಹನದ ವಿನ್ಯಾಸವೂ ಅವನದೇ. ಇವರಿಬ್ಬರಿಗಿಂತಲೂ ಅರ್ಧ ಶತಮಾನ ಮೊದಲೇ, ವಿಕಾಸವಾದದ ಚಾರ್ಲ್ಸ್ ಡಾರ್ವಿನ್ನರ ಅಜ್ಜ, ವೈದ್ಯ ಇರಾಸ್ಮಸ್ ಡಾರ್ವಿನ್ ಇಂಥದೇ ಕಲ್ಪನೆಯನ್ನು ಮಾಡಿದ್ದ. ರೋಗಿಗಳನ್ನು ನೋಡಲು ಊರೂರು ಸಾರೋಟಿನಲ್ಲಿ ಅಲೆಯುತ್ತಿದ್ದ ವೈದ್ಯನಿಗೆ ಗಾಡಿ ಮಗುಚುವ ಕಷ್ಟ ಗೊತ್ತಿತ್ತು. ಪೇಟೆಂಟ್ ಪಡೆದವನ ಹೆಸರು ಉಳಿಯಿತು, ಮಾಡಿದವನ ಹೆಸರು ಅಡಿಗೆ ಬಿತ್ತು. ಇತಿಹಾಸದಲ್ಲಿ ಇದು ಹೊಸದಲ್ಲ.

ಈ ಏರ್ಪಾಡಿನ ಒಳಗುಟ್ಟನ್ನು ತಿಳಿಯಲು ನಮ್ಮ ಶಾಲೆಯ ಆಗಸ್ಟ್ ಹದಿನೈದರ ಕವಾಯತು ಸಾಕು. ಸಾಲಾಗಿ ನಡೆಯುವ ಮಕ್ಕಳು ಮೈದಾನದ ಮೂಲೆಯಲ್ಲಿ ತಿರುಗುವಾಗ ಒಳಗಿನ ಹುಡುಗ ನಿಂತಲ್ಲಿಯೇ ಹೆಜ್ಜೆ ಹಾಕಬೇಕು, ಹೊರಗಿನ ಹುಡುಗ ಉದ್ದುದ್ದ ಹೆಜ್ಜೆ ಇಡಬೇಕು. ಎಲ್ಲರ ದಾರಿಯೂ ಒಂದೇ ಕೇಂದ್ರದ ಸುತ್ತಲಿನ ಬೇರೆ ಬೇರೆ ವೃತ್ತಗಳು. ಗಾಡಿಯ ಗಾಲಿಗಳಿಗೂ ಹೀಗೆಯೇ. ತಿರುವಿನಲ್ಲಿ ಒಳಗಿನ ಗಾಲಿ ಹೊರಗಿನದಕ್ಕಿಂತ ಹೆಚ್ಚು ಓರೆಯಾಗಬೇಕು. ನಾಲ್ಕೂ ಗಾಲಿಗಳ ಅಚ್ಚಿನ ಗೆರೆಗಳು ಒಂದೇ ಬಿಂದುವಿನಲ್ಲಿ ಕೂಡಬೇಕು. ಇದಕ್ಕೆ ತಕ್ಕ ಸನ್ನೆಗಳ ರೇಖಾಗಣಿತವನ್ನು 1878ರಲ್ಲಿ ಪ್ಯಾರಿಸ್ಸಿನ ಸಾರೋಟು ತಯಾರಕ ಚಾರ್ಲ್ಸ್ ಜಾಂತೋ ಸುಧಾರಿಸಿದ. ಮೋಟಾರು ಗಾಡಿಯ ಜನಕನೆನಿಸಿದ ಕಾರ್ಲ್ ಬೆಂಜ್‌ಗೂ ಈ ತೊಡಕು ಕಾಡಿತ್ತು. ಅವನ 1886ರ ಗಾಡಿಗೆ ಮೂರೇ ಗಾಲಿ ಏಕೆಂದು ಗೊತ್ತೇ? ನಾಲ್ಕು ಗಾಲಿಯನ್ನು ತೃಪ್ತಿಕರವಾಗಿ ತಿರುಗಿಸುವ ಮಾರ್ಗ ಅವನಿಗೆ ಸಿಕ್ಕಿರಲಿಲ್ಲ. 1893ರಲ್ಲಿ ಅದಕ್ಕೊಂದು ಪೇಟೆಂಟ್ ಪಡೆದ ಮೇಲೆಯೇ ಅವನು ನಾಲ್ಕು ಗಾಲಿಯ ಗಾಡಿಗೆ ಕೈ ಹಾಕಿದ್ದು.

ತಿರುಗುವುದು ಸಾಧ್ಯವಾಯಿತು. ಇನ್ನು ನೇರ ಹೋಗುವುದು ಉಳಿಯಿತು, ಅದು ಇನ್ನೂ ಕಠಿಣ. ಎತ್ತಿನ ಬಂಡಿಯಲ್ಲಿ ಬಾರುಕೋಲು ಹಿಡಿದವನು ನಿದ್ದೆ ಹೋದರೂ ಎತ್ತುಗಳು ದಾರಿ ತಪ್ಪುವುದಿಲ್ಲ. ಎತ್ತು ಹೋದ ಮೇಲೆ ಆ ಬುದ್ಧಿಯನ್ನು ಕಬ್ಬಿಣಕ್ಕೆ ಕಲಿಸಬೇಕಾಯಿತು. ಅದನ್ನು ಮೂರು ಓರೆಗಳಿಂದ ಕಲಿಸಿದರು.

ಒಂದನೆಯದು ಕ್ಯಾಂಬರ್. ಗಾಡಿಯನ್ನು ಎದುರಿನಿಂದ ನೋಡಿದಾಗ ಗಾಲಿಯ ತಲೆ ಹೊರಕ್ಕೋ ಒಳಕ್ಕೋ ಎಷ್ಟು ವಾಲಿದೆ ಎಂಬ ಅಳತೆ. ಎರಡನೆಯದು ಟೋ. ಮೇಲಿನಿಂದ ನೋಡಿದಾಗ ಎರಡು ಮುಂಗಾಲಿಗಳ ಮೂತಿಗಳು ಒಂದಕ್ಕೊಂದು ಎಷ್ಟು ಸಮೀಪಿಸಿವೆ ಅಥವಾ ದೂರಾಗಿವೆ ಎಂಬ ಅಳತೆ. ನಿಂತಾಗ ತುಸು ಒಳಮುಖವಾಗಿದ್ದ ಗಾಲಿಗಳು ಓಡುವಾಗ ರಸ್ತೆಯ ಎಳೆತಕ್ಕೆ ಸಮಾನಾಂತರವಾಗುತ್ತವೆ. ಹೊರಮುಖವಾಗಿದ್ದರೆ ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಜಗ್ಗುತ್ತ, ಯಾವುದರ ಮೇಲೆ ಆ ಕ್ಷಣಕ್ಕೆ ಭಾರ ಬಿದ್ದಿತೋ ಅತ್ತ ಗಾಡಿ ಅಲೆಯುತ್ತದೆ. ಮೂರನೆಯದು ಕ್ಯಾಸ್ಟರ್. ಪಕ್ಕದಿಂದ ನೋಡಿದಾಗ ಗಾಲಿ ತಿರುಗುವ ಗೂಟ, ಅಂದರೆ ಕಿಂಗ್ ಪಿನ್, ಎಷ್ಟು ಹಿಂದಕ್ಕೆ ಒರಗಿದೆ ಎಂಬ ಅಳತೆ. ನಿಮ್ಮ ಸೈಕಲ್ಲನ್ನು ಪಕ್ಕದಿಂದ ನೋಡಿರಿ. ಹ್ಯಾಂಡಲ್ಲಿನ ದಂಡ ನೆಟ್ಟಗಿಲ್ಲ, ಹಿಂದಕ್ಕೆ ಒರಗಿದೆ. ಆ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಟೈರು ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಬೀಳುತ್ತದೆ. ಆದುದರಿಂದ ಗಾಲಿ, ಹಗ್ಗ ಹಿಡಿದವನ ಹಿಂದೆ ಬರುವ ಕರುವಿನಂತೆ, ಎಳೆದ ದಿಕ್ಕಿಗೆ ತಾನೇ ನೇರವಾಗುತ್ತದೆ. ಕೈಬಿಟ್ಟು ಸೈಕಲ್ ಹೊಡೆದು ನನ್ನಿಂದ ಬೈಸಿಕೊಂಡವರೆಲ್ಲ ಇದರ ನೆರವು ಪಡೆದವರೇ. ಮೋಟಾರು ಗಾಡಿಗೆ ಈ ಒರಗುವಿಕೆಯನ್ನು ಫ್ರಾನ್ಸಿನ ಆರ್ಥರ್ ಕ್ರೆಬ್ಸ್ 1896ರಲ್ಲಿ ತನ್ನ ಪೇಟೆಂಟಿನಲ್ಲಿ ಸೂಚಿಸಿದ.

ಆರಂಭದಲ್ಲಿ ಇವೆಲ್ಲ ಅಂದಾಜಿನ ಲೆಕ್ಕಗಳು. ಗಾಡಿಗಳು ನಿಧಾನ, ಟೈರುಗಳು ಗಟ್ಟಿ. 1923ರಲ್ಲಿ ಅಮೆರಿಕದ ಫೈರ್‌ಸ್ಟೋನ್ ಕಂಪನಿ ಕಡಿಮೆ ಗಾಳಿಯ, ಮೆತ್ತನೆಯ, ದಪ್ಪ ಬಲೂನ್ ಟೈರುಗಳನ್ನು ತಂದಿತು. ಅದೇ ದಶಕದಲ್ಲಿ ಮುಂಗಾಲಿಗೂ ಬ್ರೇಕು ಬಂದು ಭಾರ ಹೆಚ್ಚಿತು. ಕೂಡಲೇ ಮುಂಗಾಲಿಗಳು ವೇಗದಲ್ಲಿ ಗಡಗಡ ನಡುಗುವ ರೋಗ ಎಲ್ಲೆಡೆ ಹಬ್ಬಿತು. ಆಮೇಲೆ ಗಾಲಿಯ ಓರೆಗಳನ್ನು ಅಳೆಯುವುದು ಒಂದು ಶಾಸ್ತ್ರವಾಯಿತು, ಒಂದು ಕಸುಬೂ ಆಯಿತು. ಎರಡು ಗಾಲಿಗಳಿಗೂ ಪ್ರತ್ಯೇಕ ಸ್ಪ್ರಿಂಗು ಕೊಡುವ ಏರ್ಪಾಡನ್ನು ಮಾರಿಸ್ ಓಲಿ ಎಂಬ ಇಂಜಿನಿಯರ್ ಕ್ಯಾಡಿಲಾಕ್ ಗಾಡಿಗೆ 1934ರ ಮಾದರಿಯಲ್ಲಿ ತಂದ. ಆದರೆ ಭಾರದ ವಾಹನಗಳಲ್ಲಿ ಒಂದೇ ತೊಲೆಯಂಥ ಅಚ್ಚು ಮತ್ತು ಪಟ್ಟಿ ಸ್ಪ್ರಿಂಗು ಇಂದಿಗೂ ಉಳಿದಿವೆ. ನಮ್ಮ ಹುಡುಗನ ಹಳೆಯ ವ್ಯಾನಿಗೂ ಅದೇ.

ಚಲಿಸುವ ಮನೆಯ ಇತಿಹಾಸ ಇದಕ್ಕಿಂತ ಚಿಕ್ಕದು. ಬ್ರಿಟನ್ನಿನ ನೌಕಾಸೇನೆಯಲ್ಲಿ ವೈದ್ಯನಾಗಿದ್ದ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ, ಸುಖ ಪ್ರವಾಸಕ್ಕೆಂದೇ, ಎರಡು ಕುದುರೆಗಳು ಎಳೆಯುವ ಮನೆಯೊಂದನ್ನು ಕಟ್ಟಿಸಿ ದೇಶ ಸುತ್ತಿದ. ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ 1951ರಲ್ಲಿ ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಮಂಚ-ಒಲೆಗಳನ್ನು ಕೂರಿಸಿತು. ನಮ್ಮಲ್ಲಿ ಮನೆಯಂತೆ ಬಳಕೆಯಾದ ಮೋಟಾರು ಗಾಡಿ ಎಂದರೆ ನನ್ನ ತಲೆಮಾರಿಗೆ ನೆನಪಾಗುವುದು 1982ರಲ್ಲಿ ಎನ್. ಟಿ. ರಾಮರಾವ್ ಅವರು ಆಂಧ್ರವನ್ನು ಸುತ್ತಿದ 'ಚೈತನ್ಯ ರಥಂ', ಷೆವರ್ಲೆ ವ್ಯಾನೊಂದನ್ನು ಮಾರ್ಪಡಿಸಿದ್ದು. 2021ರಲ್ಲಿ ಕೇರಳ ಸರ್ಕಾರ ಇಂಥ ವಾಹನಗಳ ಪ್ರವಾಸಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತು. ಈ ಎಲ್ಲ ಗಾಡಿಗಳಿಗೂ ಇರುವ ಜಾತಿಗುಣ ಒಂದೇ. ಜನರನ್ನು ಹೊರಲು ಮಾಡಿದ ಚೌಕಟ್ಟಿನ ಮೇಲೆ ಮನೆ ಕಟ್ಟಿದಾಗ, ಭಾರ ಎಲ್ಲಿ ಬೀಳಬೇಕೋ ಅಲ್ಲಿ ಬೀಳುವುದಿಲ್ಲ.

ಅದನ್ನು ನನಗೆ ಕಲಿಸಿದವರು ಉದ್ಯಮಬಾಗದ ಕಡೆಯ ಒಬ್ಬ ಹಿರಿಯ ಮಿಸ್ತ್ರಿ. ಅವರು ಕಂಪ್ಯೂಟರ್ ಹಚ್ಚುವ ಮೊದಲು ಟೈರಿನ ಮೈಮೇಲೆ ಅಂಗೈ ಸವರಿದರು. "ಮಾಸ್ತರ್ರ, ನೀವೂ ಕೈ ಆಡಸ್ರಿ," ಎಂದರು. ಒಳಗಿನಿಂದ ಹೊರಕ್ಕೆ ಸವರಿದರೆ ಒಂದು ಬಗೆ, ಹೊರಗಿನಿಂದ ಒಳಕ್ಕೆ ಸವರಿದರೆ ಇನ್ನೊಂದು ಬಗೆ. ಒಂದು ಕಡೆಯಿಂದ ನುಣುಪು, ಇನ್ನೊಂದು ಕಡೆಯಿಂದ ಗರಗಸದ ಹಲ್ಲಿನಂತೆ ಚೂಪು. "ಗಾಲಿ ಅಡ್ಡ ತಿಕ್ಕ್ಯಾಡಕತ್ತೈತ್ರಿ. ಯಂತ್ರ ಆಮ್ಯಾಲ ಹೇಳತೈತಿ, ಟೈರ್ ಮೊದಲ ಹೇಳತೈತಿ." ಆಮೇಲೆ ಗಾಡಿಯನ್ನು ಎತ್ತಿ ಕಿಂಗ್ ಪಿನ್ ಸವೆದಿದೆಯೇ, ಟೈ ರಾಡಿನ ತುದಿಗಳು ಸಡಿಲವಾಗಿವೆಯೇ ಎಂದು ಅಲುಗಾಡಿಸಿ ನೋಡಿದರು. ಟೈ ರಾಡಿನ ಒಂದು ತುದಿ ಸಡಿಲಿತ್ತು, ಬದಲಿಸಿದರು. "ಹಲ್ಲು ಅಳ್ಳಾಡತಿರಬೇಕಾದ್ರ ಅದರ ಓರೆ ಅಳದು ಏನ್ ಉಪಯೋಗ ಹೇಳ್ರಿ?"

ಹಿಂದಿನ ಸಲ ಅಲೈನ್‌ಮೆಂಟ್ ಮಾಡಿಸಿದಾಗ ಗಾಡಿ ಹೇಗಿತ್ತೆಂದು ಅವರು ಕೇಳಿದರು. ಖಾಲಿ ಇತ್ತು, ಟಾಕಿಯಲ್ಲಿ ನೀರಿರಲಿಲ್ಲ, ಸಾಮಾನಿರಲಿಲ್ಲ ಎಂದ ಹುಡುಗ. ಮಿಸ್ತ್ರಿ ನಕ್ಕು, "ಮನಿ ಖಾಲಿ ಇಟಗೊಂಡು ಊರಿಗೆ ಹೋಗ್ತೀರೇನ್ರಿ?" ಎಂದರು. ಟಾಕಿ ತುಂಬಿಸಿ, ಸಾಮಾನು ಹೇರಿ, ನಮ್ಮನ್ನೂ ಕೂರಿಸಿ ಗಾಡಿಯನ್ನು ತೂಕದ ಕಾಟಾಕ್ಕೆ ಕಳಿಸಿದರು. ಮೊದಲು ಮುಂಗಾಲಿ ಮಾತ್ರ, ಆಮೇಲೆ ಇಡೀ ಗಾಡಿ. ಒಟ್ಟು 4,000 ಕಿಲೋ. ಅದರಲ್ಲಿ ಮುಂಗಾಲಿಗಳ ಮೇಲೆ ಬರೀ 1,180 ಕಿಲೋ! ಉಳಿದ 2,820 ಕಿಲೋ ಹಿಂದೆ. ದಾರಿ ತೋರಿಸಬೇಕಾದ ಗಾಲಿಗಳು ನೆಲವನ್ನು ಹಗುರವಾಗಿ ಮುಟ್ಟುತ್ತಿದ್ದವು.

ಇಲ್ಲಿ ಏತದ ಲೆಕ್ಕ ಬರುತ್ತದೆ, ಹಲಗೆ ತೆಗೆದುಕೊಳ್ಳಿರಿ. ನೀರಿನ ಟಾಕಿ ಹಿಂದಿನ ಅಚ್ಚಿಗಿಂತ 1.2 ಮೀಟರ್ ಹಿಂದೆ ಜೋತುಬಿದ್ದಿತ್ತು. ಅದರಲ್ಲಿ 300 ಲೀಟರ್ ನೀರು, ಅಂದರೆ 300 ಕಿಲೋ. ಎರಡು ಅಚ್ಚುಗಳ ನಡುವಿನ ಅಂತರ ಸುಮಾರು 3.3 ಮೀಟರ್. 300ನ್ನು 1.2ರಿಂದ ಗುಣಿಸಿ 3.3ರಿಂದ ಭಾಗಿಸಿದರೆ 109. ಅಂದರೆ ಆ ಟಾಕಿ ಏತದ ತುದಿಯಂತೆ ಮುಂಗಾಲಿಗಳ ಮೇಲಿನ 109 ಕಿಲೋ ಭಾರವನ್ನು ಎತ್ತಿಬಿಟ್ಟಿತ್ತು. ಅದೇ ಟಾಕಿಯನ್ನು ಹಿಂದಿನ ಅಚ್ಚಿಗಿಂತ ಒಂದು ಮೀಟರ್ ಮುಂದೆ ಇಟ್ಟರೆ, ಎತ್ತುವ ಬದಲು 91 ಕಿಲೋ ಹೇರುತ್ತದೆ. ಎರಡೂ ಸೇರಿ 200 ಕಿಲೋ ವ್ಯತ್ಯಾಸ. ಟಾಕಿಯನ್ನು ಮಂಚದ ಕೆಳಗೆ, ಅಚ್ಚುಗಳ ನಡುವೆ ಸರಿಸಲಾಯಿತು. ಕಾಟಾದ ಮೇಲೆ ಮುಂಗಾಲಿಯ ಭಾರ ಹೆಚ್ಚುಕಡಿಮೆ 1,380 ಕಿಲೋ ತೋರಿಸಿದಾಗ ನನಗೆ ಆದ ಸಂತೋಷವನ್ನು ನಮ್ಮ ಗಣಿತದ ಮಾಸ್ತರರು ನೋಡಬೇಕಿತ್ತು.

ತೂಕ ಸರಿಯಾಯಿತು, ಟೈರುಗಳ ಗಾಳಿಯನ್ನು ಆ ತೂಕಕ್ಕೆ ತಕ್ಕಂತೆ ತುಂಬಿಸಲಾಯಿತು. ಆಮೇಲೆಯೇ ಅಳತೆ. ಟೋ ಆರು ಮಿಲಿಮೀಟರ್ ಹೊರಮುಖವಾಗಿತ್ತು. ಆರು ಮಿಲಿಮೀಟರ್ ಏನು ಮಹಾ ಎನ್ನಬೇಡಿರಿ. ಗಾಲಿಯ ವ್ಯಾಸ ಸುಮಾರು 700 ಮಿಲಿಮೀಟರ್. 700ಕ್ಕೆ 6 ಆದರೆ ಒಂದು ಕಿಲೋಮೀಟರಿಗೆ ಸುಮಾರು 8.6 ಮೀಟರ್. ಕೋಟೆಯಿಂದ ಖಾನಾಪುರದವರೆಗಿನ 26 ಕಿಲೋಮೀಟರಿನಲ್ಲಿ ಎರಡು ಟೈರುಗಳು ಒಂದನ್ನೊಂದು ಬಿಟ್ಟು ದೂರ ಹೋಗಲು ನೋಡಿ, ಹೋಗಲಾರದೆ, ಒಟ್ಟು 220 ಮೀಟರಿಗೂ ಹೆಚ್ಚು ಅಡ್ಡಡ್ಡ ತಿಕ್ಕಾಡುತ್ತವೆ! ಟೈ ರಾಡನ್ನು ತಿರುವಿ ಎರಡು ಮಿಲಿಮೀಟರ್ ಒಳಮುಖ ಮಾಡಿದರು.

ಉಳಿದದ್ದು ಕ್ಯಾಸ್ಟರ್. ಬಾಲ ಎದ್ದ ಮೇಲೆ ಅದು ಒಂದೇ ಅಂಶಕ್ಕೆ ಇಳಿದಿತ್ತು. ಅದಕ್ಕೆ ತಿರುವುವ ಮೊಳೆ ಇಲ್ಲ. ಮಿಸ್ತ್ರಿ ಒಳಗೆ ಹೋಗಿ ಎರಡು ಉಕ್ಕಿನ ತುಂಡುಗಳನ್ನು ತಂದು ನನ್ನ ಕೈಯಲ್ಲಿಟ್ಟರು. ಒಂದು ತುದಿ ತೆಳು, ಒಂದು ತುದಿ ದಪ್ಪ. "ಇದ್ಯಾನ್ರಿ?" ಎಂದೆ. "ಬೆಣಿ ರೀ ಮಾಸ್ತರ್ರ. ಎರಡ ಡಿಗ್ರಿ ಬೆಣಿ." ಪಟ್ಟಿ ಸ್ಪ್ರಿಂಗಿಗೂ ಅದರ ಕೆಳಗಿನ ಅಚ್ಚಿಗೂ ನಡುವೆ, ದಪ್ಪ ತುದಿ ಹಿಂದಕ್ಕೆ ಬರುವಂತೆ ಅದನ್ನು ಕೂರಿಸಿ ಬಿಗಿದರು. ಅಚ್ಚಿನ ತಲೆ ಅಷ್ಟರಮಟ್ಟಿಗೆ ಹಿಂದಕ್ಕೆ ಒರಗಿ ಕ್ಯಾಸ್ಟರ್ ಮೂರು ಅಂಶಕ್ಕೆ ಬಂದಿತು. ನಾನು ಆ ತುಂಡನ್ನು ನೋಡುತ್ತ ನಿಂತಾಗ ತೇರಿನ ಪಕ್ಕದಲ್ಲಿ ಓಡುವವರ ಕೈ ನೆನಪಾಯಿತು, ಬಡಿಗೇರ ಅಜ್ಜ ಗುಂಬದೊಳಗೆ ಬಡಿದು ಕೂರಿಸುತ್ತಿದ್ದ ಕಟ್ಟಿಗೆಯ ತುಂಡೂ ನೆನಪಾಯಿತು. "ಡೊಂಕಿಲ್ಲದ ಗಾಲಿ ನಿಲ್ಲೂದಿಲ್ಲ" ಎಂಬ ಮಾತು ಅರ್ಥವಾಗಲು ನನಗೆ ಐವತ್ತಕ್ಕೂ ಮಿಕ್ಕಿ ವರ್ಷಗಳು ಬೇಕಾದವು.

ಹದಿನೈದು ದಿನ ಬಿಟ್ಟು ಮತ್ತೆ ಹೊರಟೆವು. ಹಿರಿಯರು ಮೊದಲು ಒಲ್ಲೆನೆಂದರು. "ನೀವು ಮುಂದ ಕೂಡ್ರಿ, ನಿಮಗ ಸರಿ ಅನಸಲಿಲ್ಲಂದ್ರ ಮಚ್ಛೆಯಿಂದನ ತಿರಗೂಣು," ಎಂದು ನಾನೇ ಒಪ್ಪಿಸಿದೆ. ಮಚ್ಛೆ ಬಂದಿತು, ಹೋಯಿತು. ಪ್ರಭುನಗರದ ಹತ್ತಿರ ಲಾರಿಯೊಂದು ಹಿಂದಿನಿಂದ ಬಂದು ದಾಟಿತು. ಗಾಡಿ ತುಸು ಮೈಯಲುಗಿಸಿ ತನ್ನ ದಾರಿಯಲ್ಲಿಯೇ ಉಳಿಯಿತು. ಗಾಳಿಯ ಏಟು ಎತ್ತರದ ಗಾಡಿಗೆ ಬೀಳುವುದೇ, ಅದನ್ನು ಯಾವ ಅಲೈನ್‌ಮೆಂಟೂ ಇಲ್ಲವಾಗಿಸದು. ಹುಡುಗನೂ ವೇಗವನ್ನು ಅರವತ್ತಕ್ಕಿಂತ ಮೇಲೆ ಹೋಗಗೊಡಲಿಲ್ಲ. ತಿರುವು ಮುಗಿದ ಮೇಲೆ ಅವನು ಹಿಡಿತ ಸಡಿಲಿಸಿದರೆ ಚಕ್ರ ತಾನಾಗಿಯೇ ನಡುವಿಗೆ ಮರಳುತ್ತಿತ್ತು. ಹಿರಿಯರು ಅದನ್ನೇ ನೋಡುತ್ತಿದ್ದರು. ಗಣೇಬೈಲ ದಾಟುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು. ಖಾನಾಪುರದಲ್ಲಿ ಮಲಪ್ರಭೆಯ ದಂಡೆಗೆ ನಿಲ್ಲಿಸಿ ಎಬ್ಬಿಸಿದೆವು. ಅಲ್ಲಿಂದ ಜಾಂಬೋಟಿಯ ಮೇಲೆ ಹಾಯ್ದು ಕಣಕುಂಬಿಗೆ ಹೋಗಿ, ಆ ರಾತ್ರಿ ಮಳೆಯ ಸದ್ದಿನಲ್ಲಿ ಗಾಡಿಯೊಳಗೇ ಮಲಗಿದೆವು. ಕೂಡಲಸಂಗಮದ ಪ್ರವಾಸ ಚಳಿಗಾಲಕ್ಕೆ ಆಯಿತು. ಹಿರಿಯರು ನೀರಿನಲ್ಲಿ ಕಾಲಿಟ್ಟು ನಿಂತ ಚಿತ್ರ ನನ್ನ ಬಳಿ ಇದೆ.

ಈ ಲೇಖನದಲ್ಲಿ ಮಿಸ್ತ್ರಿಯವರ ಹೆಸರು ಹಾಕಲು ಅನುಮತಿ ಕೇಳಿದೆ. "ಬ್ಯಾಡ್ರಿ ಮಾಸ್ತರ್ರ, ಬೆಣಿ ಹೊಡಿಯಾವಗ ಹೆಸರ ಯಾಕ?" ಎಂದರು. ಬಡಿಗೇರ ಅಜ್ಜನ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಈಗ ನೆನಪಿಲ್ಲ. ನಾವೆಲ್ಲ ಅವರನ್ನು ಬಡಿಗೇರ ಅಜ್ಜ ಎಂದೇ ಕರೆದೆವು, ಹೆಸರು ಕೇಳಲೇ ಇಲ್ಲ. ನಮ್ಮ ಬಂಧುಗಳಲ್ಲಿ ಹಿರಿಯರು ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ನನಗೆ ತಿಳಿಸಿರಿ. ಇನ್ನು ವಿದ್ಯಾರ್ಥಿಗಳಿಗೆ ಒಂದು ಮಾತು: ನಿಮ್ಮ ಗಾಡಿಯ ಟೈರಿನ ಮೇಲೆ ಈ ವಾರ ಒಮ್ಮೆ ಅಂಗೈ ಸವರಿರಿ, ಎರಡೂ ದಿಕ್ಕಿಗೆ. ಚೂಪು ಹತ್ತಿದರೆ ನಾಳೆಗೆ ಬಿಡಬೇಡಿರಿ. ರಸ್ತೆಯಂಚಿನಲ್ಲಿ ಯಾರದೋ ಮಕ್ಕಳು ಸೈಕಲ್ ತುಳಿಯುತ್ತಿರುತ್ತಾರೆ.